ಹೆರಾಯಿನ್ ಬಿಡಲು ವೈದ್ಯರ ನೆರವು: ಮೊದಲ ಭೇಟಿಯಿಂದ ಮೊದಲ ವರ್ಷದವರೆಗೆ

ಹೆರಾಯಿನ್ ಬಿಡುವುದೆಂದರೆ ಒಂದು ವಾರ ಹಲ್ಲುಕಚ್ಚಿ ನರಳುವುದು, ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಇದ್ದುಬಿಡುವುದು, ಇಷ್ಟೇ ಎಂದು ತಿಳಿದವರು ಬಹಳ. ಆ ನಂಬಿಕೆಯಲ್ಲೇ ಎಷ್ಟೋ ಜನ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು ಹೇಗೋ ಕಳೆಯುತ್ತವೆ. ಎಂಟನೇ ದಿನ ಊಟ ಸೇರುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಮನೆಯವರಿಗೂ ಜೀವ ಬಂದಂತಾಗುತ್ತದೆ. ಪ್ರಾಣಕ್ಕೆ ದೊಡ್ಡ ಅಪಾಯ ಶುರುವಾಗುವುದು ಆ ದಿನದಿಂದ.

ದಿನವೂ ಹೆರಾಯಿನ್ ಕಂಡ ಮೈ ದೊಡ್ಡ ಪ್ರಮಾಣವನ್ನೂ ತಾಳಿಕೊಳ್ಳಲು ಕಲಿತಿರುತ್ತದೆ. ಕೆಲವು ದಿನ ಬಿಟ್ಟರೆ ಸಾಕು, ಆ ತಾಳಿಕೆ ಕರಗಿಹೋಗುತ್ತದೆ. ಬೇಕೆನ್ನುವ ಹಂಬಲ ಮಾತ್ರ ಹಾಗೇ ಉಳಿದಿರುತ್ತದೆ. ಹಂಬಲ ಎದ್ದಾಗ ಕೈ ಹಳೆಯ ಅಳತೆಗೇ ಹೋಗುತ್ತದೆ, ಈಗಿನ ಮೈಗೆ ಅದು ಉಸಿರು ನಿಲ್ಲಿಸುವ ಅಳತೆ. ಜೈಲಿನಿಂದ ಬಿಡುಗಡೆಯಾದ ಮೊದಲ ಎರಡು ವಾರ, ಡಿಟಾಕ್ಸ್ (ಆಸ್ಪತ್ರೆಯಲ್ಲಿದ್ದು ಮೈಯಿಂದ ಹೆರಾಯಿನ್ ಇಳಿಸಿಕೊಳ್ಳುವುದು) ಮುಗಿಸಿ ಮನೆಗೆ ಬಂದ ಮೊದಲ ತಿಂಗಳು ಓವರ್‌ಡೋಸ್ ಸಾವುಗಳು ಹೆಚ್ಚಾಗುವುದು ಇದೇ ಕಾರಣಕ್ಕೆ. ಹಾಗಾಗಿ ನೆರವು ಹುಡುಕುವಾಗ, ಆ ಒಂದು ವಾರ ದಾಟಿಸಿ ಕೈಬಿಡುವವರ ಬಳಿ ಹೋಗಬೇಡಿ. ವಾರದ ನಂತರ ಏನು ಎಂಬುದಕ್ಕೆ ಉತ್ತರ ಇರುವವರನ್ನು ಹುಡುಕಿ. ಈ ಲೇಖನದ ಮುಖ್ಯ ಮಾತು ಇದು, ಉಳಿದದ್ದೆಲ್ಲ ಅದರ ವಿವರ.

ಯಾರ ಬಳಿ ಹೋಗುವುದು

ವ್ಯಸನ ಚಿಕಿತ್ಸೆಯಲ್ಲಿ ತರಬೇತಿ ಪಡೆದ ವೈದ್ಯರು ಅಥವಾ ಮನೋವೈದ್ಯರು ಮೊದಲ ಆಯ್ಕೆ. ಅವರು ಸಿಗದಿದ್ದರೆ ನಿಮ್ಮನ್ನು ಮೊದಲಿಂದ ಬಲ್ಲ ಸಾಮಾನ್ಯ ವೈದ್ಯರ ಬಳಿಯೇ ಶುರುಮಾಡಿ. ಹೆರಾಯಿನ್ ಬದಲಿಗೆ ಕೊಡುವ ಬ್ಯೂಪ್ರೆನಾರ್ಫಿನ್ ಎಂಬ ಔಷಧವನ್ನು ಹಲವು ಕಡೆ ಅವರೇ ಬರೆದುಕೊಡಬಲ್ಲರು, ಇಲ್ಲವಾದರೆ ಎಲ್ಲಿಗೆ ಕಳಿಸಬೇಕು ಎಂದು ಅವರಿಗೆ ಗೊತ್ತಿರುತ್ತದೆ. ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗವೂ ಒಂದು ಬಾಗಿಲು. ಸೂಜಿ ವಿನಿಮಯ ಕೇಂದ್ರಗಳಲ್ಲಿ, ಎಚ್‌ಐವಿ ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುವವರನ್ನು ಕೇಳಲು ಹಿಂಜರಿಯಬೇಡಿ. ಯಾವ ಕ್ಲಿನಿಕ್ಕಿನಲ್ಲಿ ಮರ್ಯಾದೆಯಿಂದ ಮಾತಾಡಿಸುತ್ತಾರೆ, ಎಲ್ಲಿ ಬೇಗ ಭೇಟಿ ಸಿಗುತ್ತದೆ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ.

ಆಸ್ಪತ್ರೆಗೆ ಸೇರಲೇಬೇಕೆಂದಿಲ್ಲ. ಹೆಚ್ಚಿನವರು ಮನೆಯಲ್ಲಿದ್ದುಕೊಂಡು, ಹೊರರೋಗಿಯಾಗಿ ಬಂದುಹೋಗುತ್ತಲೇ ಚಿಕಿತ್ಸೆ ಪಡೆಯಬಹುದು. ಕೆಲವರಿಗೆ ಮಾತ್ರ ದಾಖಲಾಗುವುದೇ ಕ್ಷೇಮ: ಜೊತೆಗೆ ಮದ್ಯ ಅಥವಾ ಅಲ್ಪ್ರಜೋಲಮ್, ಡಯಾಜೆಪಾಮ್‌ನಂಥ ನಿದ್ರೆಮಾತ್ರೆಗಳ ಚಟವೂ ಇರುವವರು, ಸಾಯುವ ಯೋಚನೆ ಬರುತ್ತಿರುವವರು, ಗರ್ಭಿಣಿಯರು, ತೀವ್ರ ಕಾಯಿಲೆ ಇರುವವರು, ಮನೆಯಲ್ಲೇ ಇನ್ನೊಬ್ಬರು ಹೆರಾಯಿನ್ ಸೇದುತ್ತಿದ್ದರೆ ಅಥವಾ ಚುಚ್ಚಿಕೊಳ್ಳುತ್ತಿದ್ದರೆ ಅಂಥವರು. ಮದ್ಯ ಮತ್ತು ನಿದ್ರೆಮಾತ್ರೆಯ ವಿಚಾರ ಇಲ್ಲಿ ಒತ್ತಿ ಹೇಳಬೇಕು. ಹೆರಾಯಿನ್ ನಿಲ್ಲಿಸಿದರೆ ನರಕಯಾತನೆ ಆಗುತ್ತದೆ, ಆದರೆ ಆರೋಗ್ಯವಂತರಲ್ಲಿ ಅದರಿಂದಲೇ ಸಾವು ಬರುವುದು ಅಪರೂಪ. ಮದ್ಯ ಮತ್ತು ನಿದ್ರೆಮಾತ್ರೆಗಳನ್ನು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಎರಡೂ ಇದ್ದವರು ಯಾವುದನ್ನೂ ತಾವಾಗಿ ನಿಲ್ಲಿಸಬಾರದು.

ಫೋನಿನಲ್ಲೇ ಕೇಳಬೇಕಾದದ್ದು

ಕೇಂದ್ರವನ್ನು ನೋಡಲು ಹೋಗುವ ಮೊದಲೇ ಒಂದು ಕರೆ ಮಾಡಿ. ಈ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಕೇಳಿ, ಉತ್ತರವನ್ನೂ ಬರೆದುಕೊಳ್ಳಿ:

- ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್‌ನಂಥ ಬದಲಿ ಔಷಧ ಕೊಡುತ್ತೀರಾ? ಎಷ್ಟು ಕಾಲ ಕೊಡುತ್ತೀರಿ?
- ವೈದ್ಯರು ಮತ್ತು ನರ್ಸ್ ದಿನದ ಯಾವ ಹೊತ್ತಿನಲ್ಲಿ ಇರುತ್ತಾರೆ? ರಾತ್ರಿ ಯಾರಿರುತ್ತಾರೆ?
- ಮೊದಲ ಭೇಟಿಗೆ ಎಷ್ಟು ದಿನ ಕಾಯಬೇಕು?
- ಇಲ್ಲಿಂದ ಹೋದ ಮೇಲೆ ಮುಂದಿನ ಚಿಕಿತ್ಸೆ ಎಲ್ಲಿ, ಯಾರು ನೋಡಿಕೊಳ್ಳುತ್ತಾರೆ?
- ಓವರ್‌ಡೋಸ್ ಆದಾಗ ಉಸಿರು ಮರಳಿಸುವ ನಲಾಕ್ಸೋನ್ ಔಷಧವನ್ನು ಮನೆಗೆ ಕೊಟ್ಟು ಕಳಿಸುತ್ತೀರಾ?
- ಚಿಕಿತ್ಸೆಯ ನಡುವೆ ಒಮ್ಮೆ ಹೆರಾಯಿನ್ ತೆಗೆದುಕೊಂಡರೆ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ಆ ಕೇಂದ್ರದ ಗುಣ ತಿಳಿಯುತ್ತದೆ. "ಹೊರಗೆ ಹಾಕುತ್ತೇವೆ" ಎಂದರೆ ಬೇರೆ ಕಡೆ ನೋಡಿ. ಕಾಯಿಲೆಯ ಲಕ್ಷಣ ಕಾಣಿಸಿತೆಂದು ರೋಗಿಯನ್ನು ಹೊರಗಟ್ಟುವ ಜಾಗ ಆಸ್ಪತ್ರೆಯಲ್ಲ. ನೂರಕ್ಕೆ ನೂರು ಗುಣಪಡಿಸುತ್ತೇವೆ ಎನ್ನುವವರು, ಒಪ್ಪಿಗೆಯಿಲ್ಲದೆ ಎತ್ತಿಕೊಂಡು ಹೋಗಿ ಕೂಡಿಹಾಕುವವರು, ಹೊಡೆಯುವವರು, ಸರಪಳಿ ಹಾಕುವವರು, ಹಸಿವಿನಲ್ಲಿಡುವವರು, ಏನು ಔಷಧ ಕೊಡುತ್ತಿದ್ದೇವೆ ಎಂದು ಹೇಳದವರು, ಇವರ ಹತ್ತಿರ ಸುಳಿಯಲೇಬೇಡಿ. ಅರಿವಳಿಕೆ ಕೊಟ್ಟು ನಿದ್ದೆಯಲ್ಲೇ ಒಂದು ದಿನದಲ್ಲಿ ಬಿಡಿಸುತ್ತೇವೆ ಎಂಬ ಜಾಹೀರಾತುಗಳಿಗೂ ಮರುಳಾಗಬೇಡಿ. ಆ ವಿಧಾನದಲ್ಲಿ ಸಾವುಗಳಾಗಿವೆ, ಮುಂದಿನ ತಿಂಗಳುಗಳ ಫಲವೂ ಮಾಮೂಲಿ ಚಿಕಿತ್ಸೆಗಿಂತ ಮೇಲಲ್ಲ.

ಭೇಟಿಯ ದಿನ ಬರುವವರೆಗೆ

ಕರೆ ಮಾಡಿದ್ದಕ್ಕೂ ವೈದ್ಯರು ಸಿಗುವುದಕ್ಕೂ ನಡುವೆ ಕೆಲವು ದಿನ ಹೋಗಬಹುದು. ಆ ದಿನಗಳಲ್ಲಿ ಒಬ್ಬರೇ ಇದ್ದಾಗ ತೆಗೆದುಕೊಳ್ಳಬೇಡಿ, ಮದ್ಯ ಮತ್ತು ನಿದ್ರೆಮಾತ್ರೆಯೊಂದಿಗೆ ಬೆರೆಸಬೇಡಿ. ಚುಚ್ಚಿಕೊಳ್ಳುವವರು ಪ್ರತಿ ಸಲ ಹೊಸ ಸೂಜಿ, ಹೊಸ ಸಿರಿಂಜ್ ಬಳಸಬೇಕು. ಹತ್ತಿಯನ್ನೂ ನೀರನ್ನೂ ಕೂಡ ಹಂಚಿಕೊಳ್ಳಬಾರದು, ಹೆಪಟೈಟಿಸ್ ಸಿ ವೈರಸ್‌ಗೆ ಅಷ್ಟೇ ದಾರಿ ಸಾಕು. ಜ್ವರ, ಏದುಸಿರು, ಚುಚ್ಚಿದ ಜಾಗ ಕೆಂಪಾಗಿ ಬಿಸಿಯಾಗಿ ಊದಿರುವುದು, ಇವುಗಳಲ್ಲಿ ಒಂದು ಕಂಡರೂ ಭೇಟಿಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಸೂಜಿಯ ಮೂಲಕ ಸೇರಿದ ಬ್ಯಾಕ್ಟೀರಿಯಾ ಹೃದಯದ ಕವಾಟದಲ್ಲಿ ಕೂತರೆ ಎಷ್ಟೋ ಸಲ ಮೊದಲಿಗೆ ಕಾಣುವುದು ಜ್ವರ ಮಾತ್ರ.

ಗರ್ಭಿಣಿಯಾಗಿದ್ದರೆ ಅಥವಾ ಇರಬಹುದೆಂಬ ಸಂಶಯವಿದ್ದರೆ, ದಿಢೀರ್ ನಿಲ್ಲಿಸುವುದು ತಾಯಿಗೂ ಮಗುವಿಗೂ ಒಳ್ಳೆಯದಲ್ಲ. ಆ ಸ್ಥಿತಿಯಲ್ಲಿ ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ಮೇಲೆ ಇರಿಸುವುದೇ ಒಪ್ಪಿತ ಚಿಕಿತ್ಸೆ. ಹುಟ್ಟಿದ ಮಗುವಿಗೆ ಕೆಲವು ದಿನ, ಒಮ್ಮೊಮ್ಮೆ ಕೆಲವು ವಾರ, ವಿತ್‌ಡ್ರಾವಲ್ (ಔಷಧ ನಿಂತಾಗಿನ ನರಳಾಟ) ಲಕ್ಷಣ ಬರಬಹುದು, ಅದಕ್ಕೆ ಔಷಧವಿದೆ, ಗುಣವಾಗುತ್ತದೆ.

ಮೊದಲ ಭೇಟಿಗೆ ಒಯ್ಯಬೇಕಾದ ಚೀಟಿಯಲ್ಲಿ ಇಷ್ಟು ಇರಲಿ: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಸೇದುವುದೋ ಚುಚ್ಚಿಕೊಳ್ಳುವುದೋ, ಕೊನೆಯ ಬಾರಿ ತೆಗೆದುಕೊಂಡ ದಿನ ಮತ್ತು ಗಂಟೆ, ಜೊತೆಗೆ ಬೇರೆ ಏನೇನು, ಹಿಂದೆ ಓವರ್‌ಡೋಸ್ ಆಗಿದ್ದುಂಟೋ, ಹಿಂದಿನ ಚಿಕಿತ್ಸೆಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು. ನಾಚಿಕೆಯಿಂದ ಪ್ರಮಾಣ ಕಡಿಮೆ ಹೇಳಿದರೆ ಔಷಧ ಸಾಲದೆ ನೀವೇ ನರಳುತ್ತೀರಿ. ಹೆಚ್ಚು ಹೇಳಿದರೆ ಮೆಥಡೋನ್ ಜಾಸ್ತಿಯಾಗಿ ಉಸಿರಿಗೆ ಕುತ್ತು. ಕೊನೆಯ ಗಂಟೆಯನ್ನು ಸರಿಯಾಗಿ ಹೇಳುವುದಂತೂ ಬಹಳ ಮುಖ್ಯ, ಏಕೆಂದು ಮುಂದೆ ತಿಳಿಯುತ್ತದೆ.

ಮೊದಲ ಭೇಟಿಯಲ್ಲಿ ಏನು ನಡೆಯುತ್ತದೆ

ಮಾತುಕತೆಗೇ ಹೆಚ್ಚು ಹೊತ್ತು ಬೇಕಾಗುತ್ತದೆ. ಡಿಎಸ್‌ಎಂ-5 ಎಂಬ ಮನೋವೈದ್ಯರ ಕೈಪಿಡಿಯಲ್ಲಿರುವ ಚಟದ 11 ಲಕ್ಷಣಗಳಲ್ಲಿ ಎಷ್ಟು ನಿಮಗಿವೆ ಎಂದು ವೈದ್ಯರು ನೋಡಬಹುದು. ಆರು ಅಥವಾ ಹೆಚ್ಚಿದ್ದರೆ ತೀವ್ರ ಎಂದು ಲೆಕ್ಕ. ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಯಕೃತ್ತಿನ ಸ್ಥಿತಿ ನೋಡುತ್ತಾರೆ. ಕೆಮ್ಮಿದ್ದರೆ ಕ್ಷಯದ ಪರೀಕ್ಷೆ, ಹೆಂಗಸರಿಗೆ ಗರ್ಭಪರೀಕ್ಷೆ, ಹೃದಯದ ತೊಂದರೆ ಇದ್ದವರಿಗೆ ಮೆಥಡೋನ್‌ಗೆ ಮೊದಲು ಇಸಿಜಿ. ಹೆಪಟೈಟಿಸ್ ಸಿ ಇದೆ ಎಂದು ಬಂದರೆ ಎದೆಗುಂದಬೇಡಿ. ಈಗಿನ ಮಾತ್ರೆಗಳನ್ನು 8ರಿಂದ 12 ವಾರ ತೆಗೆದುಕೊಂಡರೆ ಶೇ. 95ಕ್ಕೂ ಹೆಚ್ಚು ಜನರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ಹೆರಾಯಿನ್ ಬಿಡುವವರೆಗೆ ಅದಕ್ಕಾಗಿ ಕಾಯಬೇಕಿಲ್ಲ.

ಮೂತ್ರ ಪರೀಕ್ಷೆಯನ್ನು ಕೆಲವರು ಅವಮಾನ ಎಂದುಕೊಳ್ಳುತ್ತಾರೆ. ಮೈಯಲ್ಲಿ ಏನಿದೆ ಎಂದು ತಿಳಿಯದೆ ಔಷಧ ಶುರುಮಾಡುವುದು ವೈದ್ಯರಿಗೆ ಕತ್ತಲಲ್ಲಿ ನಡೆದ ಹಾಗೆ. ಹೆರಾಯಿನ್‌ಗಷ್ಟೇ ಸೇರಿದ ಗುರುತು ಮೂತ್ರದಲ್ಲಿ ಸುಮಾರು ಒಂದು ದಿನವಷ್ಟೇ ಇರುತ್ತದೆ, ಹೆರಾಯಿನ್ ಮೈಯಲ್ಲಿ ಬದಲಾಗಿ ಆಗುವ ಮಾರ್ಫಿನ್‌ನ ಗುರುತು ಎರಡು ಮೂರು ದಿನ. ಬೀದಿಯಲ್ಲಿ ಸಿಗುವ ಸರಕಿನಲ್ಲಿ ಹೆರಾಯಿನ್‌ಗಿಂತ ಎಷ್ಟೋ ಪಟ್ಟು ಬಲದ ಫೆಂಟನಿಲ್ ಬೆರೆತಿದ್ದರೆ ಅದನ್ನು ಹೆರಾಯಿನ್, ಮಾರ್ಫಿನ್ ಹಿಡಿಯುವ ಮಾಮೂಲಿ ಪರೀಕ್ಷಾ ಪಟ್ಟಿ ತೋರಿಸುವುದಿಲ್ಲ, ಬೇರೆ ಪಟ್ಟಿ ಬೇಕು.

ಮೂರು ಔಷಧಗಳು, ಮೂರು ದಾರಿ

ಒಂದು ಚಟ ಬಿಡಿಸಲು ಇನ್ನೊಂದು ಚಟ ಹಚ್ಚುತ್ತಾರೆ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಈ ಮಾತು ನಂಬಿ ಔಷಧ ಬೇಡವೆಂದವರು, ಬಿಡಿಸಿದವರು ಲೆಕ್ಕವಿಲ್ಲದಷ್ಟು. ಹೆರಾಯಿನ್ ಕೆಲವು ಗಂಟೆ ಏರಿಸಿ ಇಳಿಸಿ, ದಿನಕ್ಕೆ ಮೂರು ನಾಲ್ಕು ಸಲ ಅದರ ಹಿಂದೆ ಓಡಿಸುತ್ತದೆ. ಚಿಕಿತ್ಸೆಯ ಔಷಧ ದಿನಕ್ಕೊಮ್ಮೆ ಸಾಕು. ಡೋಸ್ ಸರಿಹೊಂದಿದ ಮೇಲೆ ಅಮಲೂ ಇಲ್ಲ, ನರಳಾಟವೂ ಇಲ್ಲ. ಕೆಲಸಕ್ಕೆ ಹೋಗಬಹುದು, ಮಕ್ಕಳನ್ನು ನೋಡಿಕೊಳ್ಳಬಹುದು. ಮೆಥಡೋನ್ ಮತ್ತು ಬ್ಯೂಪ್ರೆನಾರ್ಫಿನ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅವುಗಳ ಮೇಲಿರುವವರಲ್ಲಿ ಸಾವಿನ ಪ್ರಮಾಣ ಚಿಕಿತ್ಸೆಯ ಹೊರಗಿರುವವರಿಗಿಂತ ಸುಮಾರು ಅರ್ಧ. ವ್ಯಸನ ಚಿಕಿತ್ಸೆಯಲ್ಲಿ ಇಷ್ಟು ಗಟ್ಟಿ ಪುರಾವೆಯಿರುವ ಉಪಾಯ ಇನ್ನೊಂದಿಲ್ಲ.

ಮೆಥಡೋನ್ ಸಾಮಾನ್ಯವಾಗಿ ಸಿಹಿ ದ್ರವ. ದಿನವೂ ಕ್ಲಿನಿಕ್ಕಿಗೆ ಹೋಗಿ ನರ್ಸ್ ಎದುರು ಕುಡಿಯಬೇಕು. ಮೊದಲ ದಿನ 10ರಿಂದ 30 ಮಿಲಿಗ್ರಾಂ ಕೊಟ್ಟು, ಮುಂದೆ ಕೆಲವು ದಿನಕ್ಕೊಮ್ಮೆ 5–10 ಮಿಲಿಗ್ರಾಂನಂತೆ ಏರಿಸುತ್ತಾರೆ. ಬಹುಪಾಲು ಜನರಿಗೆ ಹಿಡಿಸುವ ಡೋಸ್ 60ರಿಂದ 120 ಮಿಲಿಗ್ರಾಂ. ಇಷ್ಟು ನಿಧಾನ ಏಕೆಂದರೆ, ಇಂದು ಕುಡಿದದ್ದರಲ್ಲಿ ದೊಡ್ಡ ಪಾಲು ನಾಳೆಯೂ ಮೈಯಲ್ಲಿ ಉಳಿದಿರುತ್ತದೆ. ಅದೇ 30 ಮಿಲಿಗ್ರಾಂ ನಾಲ್ಕನೇ ದಿನ ಮೊದಲ ದಿನಕ್ಕಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ. ಮೊದಲ ದಿನಗಳಲ್ಲಿ ಸಾಲುತ್ತಿಲ್ಲ ಎನಿಸಿ ಮೇಲೆ ಹೆರಾಯಿನ್ನೋ ನಿದ್ರೆಮಾತ್ರೆಯೋ ಸೇರಿಸಿದರೆ ಮೂರನೇ ನಾಲ್ಕನೇ ರಾತ್ರಿ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಮೆಥಡೋನ್‌ನ ಮೊದಲ ನಾಲ್ಕು ವಾರ ಎಚ್ಚರ ಬೇಕಾದ ವಾರಗಳು.

ನಲ್ಟ್ರೆಕ್ಸೋನ್‌ನ ಸ್ವಭಾವ ಬೇರೆ. ಅದು ಹೆರಾಯಿನ್ ಕೂರುವ ಜಾಗಗಳನ್ನು ಮುಚ್ಚಿಬಿಡುತ್ತದೆ, ತೆಗೆದುಕೊಂಡರೂ ಏರುವುದಿಲ್ಲ. ಮಾತ್ರೆಯಾದರೆ ದಿನಕ್ಕೆ 50 ಮಿಲಿಗ್ರಾಂ, ಚುಚ್ಚುಮದ್ದಾದರೆ ನಾಲ್ಕು ವಾರಕ್ಕೊಮ್ಮೆ 380 ಮಿಲಿಗ್ರಾಂ. ಶುರುಮಾಡುವ ಮೊದಲು 7ರಿಂದ 10 ದಿನ ಯಾವ ಓಪಿಯಾಯ್ಡ್ (ಹೆರಾಯಿನ್, ಮಾರ್ಫಿನ್ ಜಾತಿಯ ವಸ್ತು) ಕೂಡ ಮೈಯಲ್ಲಿ ಇರಬಾರದು. ಹಲವರು ಬಿದ್ದುಹೋಗುವುದು ಈ ಕಾಯುವ ದಿನಗಳಲ್ಲೇ. ಮಾತ್ರೆಯನ್ನು ಇಂದು ನುಂಗದಿದ್ದರೆ ನಾಳೆ ರಕ್ಷಣೆ ಇಲ್ಲ, ತಾಳಿಕೆಯೂ ಹೋಗಿರುತ್ತದೆ. ಕೆಲಸ, ಮನೆ ಎಲ್ಲ ಗಟ್ಟಿಯಾಗಿರುವ, ಓಪಿಯಾಯ್ಡ್ ಔಷಧ ಬೇಡವೇ ಬೇಡ ಎನ್ನುವ ಕೆಲವರಿಗೆ ಇದು ಹೊಂದುತ್ತದೆ. ಎಲ್ಲರಿಗೂ ಮೊದಲ ಆಯ್ಕೆಯಲ್ಲ.

ಬ್ಯೂಪ್ರೆನಾರ್ಫಿನ್: ಗಂಟೆ ನೋಡಿ ಶುರುಮಾಡುವ ಔಷಧ

ಇದರ ಬಗ್ಗೆ ಹೆಚ್ಚು ಹೇಳಲೇಬೇಕು, ಏಕೆಂದರೆ ಮೊದಲ ಡೋಸ್ ತಪ್ಪಿದ್ದರಿಂದಲೇ "ಈ ಮಾತ್ರೆ ನನಗೆ ಆಗುವುದಿಲ್ಲ" ಎಂದು ಬಿಟ್ಟುಹೋದವರು ಬಹಳ. ಮಿದುಳಿನಲ್ಲಿ ಹೆರಾಯಿನ್ ಕೂರುವ ಕುರ್ಚಿಗಳಿವೆ ಎಂದಿಟ್ಟುಕೊಳ್ಳಿ. ಬ್ಯೂಪ್ರೆನಾರ್ಫಿನ್ ಆ ಕುರ್ಚಿಗಳನ್ನು ಹೆರಾಯಿನ್‌ಗಿಂತ ಬಿಗಿಯಾಗಿ ಹಿಡಿಯುತ್ತದೆ, ಆದರೆ ಅದರಷ್ಟು ಪೂರ್ತಿ ಕೆಲಸ ಮಾಡುವುದಿಲ್ಲ. ಕುರ್ಚಿಗಳು ಖಾಲಿಯಾಗಿದ್ದಾಗ ಬಂದರೆ ನರಳಾಟ ಇಳಿಯುತ್ತದೆ. ಹೆರಾಯಿನ್ ಇನ್ನೂ ಕೂತಿರುವಾಗ ಬಂದರೆ ಅದನ್ನು ತಳ್ಳಿ ತಾನು ಕೂರುತ್ತದೆ, ನಿಮಗೆ ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ತೀವ್ರ ವಿತ್‌ಡ್ರಾವಲ್ ಒಮ್ಮೆಗೇ ಬಡಿಯುತ್ತದೆ.

ಆದ್ದರಿಂದ ಕೊನೆಯ ಹೆರಾಯಿನ್ ಆಗಿ 12ರಿಂದ 24 ಗಂಟೆ ಕಳೆದಿರಬೇಕು. ಮೆಥಡೋನ್‌ನಿಂದ ಬದಲಾಯಿಸುವವರು ಇನ್ನೂ ಹೆಚ್ಚು ಕಾಯಬೇಕು, ಎರಡು ಮೂರು ದಿನವೂ ಆಗಬಹುದು. ಗಡಿಯಾರವೊಂದನ್ನೇ ನಂಬುವಂತಿಲ್ಲ, ಮೈಯನ್ನೂ ನೋಡಬೇಕು. ವೈದ್ಯರು ಇದಕ್ಕೆ ‘ಕೌಸ್’ ಎಂಬ 11 ಅಂಶಗಳ ಪಟ್ಟಿ ಬಳಸುತ್ತಾರೆ: ನಾಡಿ, ಬೆವರು, ಕೂತಲ್ಲಿ ಕೂರಲಾಗದ ಚಡಪಡಿಕೆ, ಕಣ್ಣಿನ ಪಾಪೆ, ಮೂಳೆ-ಕೀಲು ನೋವು, ಮೂಗು ಮತ್ತು ಕಣ್ಣಲ್ಲಿ ನೀರು, ಹೊಟ್ಟೆಯ ತೊಂದರೆ, ಕೈನಡುಕ, ಆಕಳಿಕೆ, ಆತಂಕ, ಚರ್ಮದ ಸ್ಥಿತಿ. ಅಂಕ 5ರಿಂದ 12 ಆದರೆ ಸೌಮ್ಯ, 13ರಿಂದ 24 ಮಧ್ಯಮ. ಕನಿಷ್ಠ 8, ಸಾಧ್ಯವಾದರೆ 12 ದಾಟಿದ ಮೇಲೆ ಶುರುಮಾಡುವುದು ವಾಡಿಕೆ. ಆತಂಕ ಮೊದಲೇ ಶುರುವಾಗುತ್ತದೆ, ಅದೊಂದನ್ನೇ ನಂಬಬೇಡಿ. ನಂಬಬೇಕಾದ ಗುರುತುಗಳು ಕಣ್ಣಿಗೆ ಕಾಣುವಂಥವು. ಬೆಳಕಿದ್ದರೂ ಪಾಪೆ ಅಗಲವಾಗಿ ತೆರೆದಿರುತ್ತದೆ, ಮೂಗಿನಿಂದ ನೀರು ಇಳಿಯುತ್ತಿರುತ್ತದೆ, ಮುಂದೋಳಿನ ಮೇಲೆ ಬೆರಳಾಡಿಸಿದರೆ ಕೂದಲು ನೆಟ್ಟಗೆ ನಿಂತು ಚರ್ಮ ತರಿತರಿಯಾಗಿ ಸಿಗುತ್ತದೆ.

ಫೆಂಟನಿಲ್ ಬೆರೆತ ಸರಕು ಬಳಸುತ್ತಿದ್ದವರಲ್ಲಿ ಈ ಲೆಕ್ಕ ತಪ್ಪುತ್ತದೆ. ಅದು ಕೊಬ್ಬಿನಲ್ಲಿ ಶೇಖರವಾಗಿ ದಿನಗಟ್ಟಲೆ ರಕ್ತಕ್ಕೆ ಜಿನುಗುತ್ತಿರುತ್ತದೆ. ಅಂಥವರಿಗೆ ಇನ್ನೂ ಕಾಯಿಸುವುದೋ, ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ಕೆಲವು ದಿನಗಳಲ್ಲಿ ಏರಿಸುವುದೋ ವೈದ್ಯರು ನಿರ್ಧರಿಸುತ್ತಾರೆ. ಸಂಶಯವಿದ್ದರೆ ಬಾಯಿಬಿಟ್ಟು ಹೇಳಿ.

ಮೊದಲ ಡೋಸ್ ಸಾಮಾನ್ಯವಾಗಿ 2 ಅಥವಾ 4 ಮಿಲಿಗ್ರಾಂ. ಒಂದೆರಡು ಗಂಟೆ ನೋಡಿ ಇನ್ನಷ್ಟು ಕೊಡುತ್ತಾರೆ, ಮೊದಲ ದಿನ ಒಟ್ಟು 8ರ ಆಸುಪಾಸು. ಮುಂದಿನ ದಿನಗಳಲ್ಲಿ ಹೆಚ್ಚಿನವರು 8ರಿಂದ 24ರ ನಡುವೆ ನೆಲೆನಿಲ್ಲುತ್ತಾರೆ. ಮಾತ್ರೆ ಇಡುವ ಕ್ರಮ ಹೀಗೆ: ಮೊದಲು ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಳ್ಳಿ. ಮಾತ್ರೆಯನ್ನು ನಾಲಿಗೆಯ ಅಡಿಯಲ್ಲಿಡಿ, ಎರಡಿದ್ದರೆ ಎಡಕ್ಕೊಂದು ಬಲಕ್ಕೊಂದು. ತಲೆ ಸ್ವಲ್ಪ ಮುಂದೆ ಬಾಗಿಸಿ ಸುಮ್ಮನೆ ಕೂತುಕೊಳ್ಳಿ. ಪೂರ್ತಿ ಕರಗಲು 5ರಿಂದ 10 ನಿಮಿಷ ಬೇಕು. ಅಷ್ಟು ಹೊತ್ತು ಮಾತು, ಚಹಾ, ಸಿಗರೇಟು ಯಾವುದೂ ಬೇಡ. ಜೊಲ್ಲು ತುಂಬಿದರೂ ನುಂಗಬೇಡಿ, ಹೊಟ್ಟೆಗೆ ಹೋದ ಔಷಧದ ಬಹುಪಾಲು ಯಕೃತ್ತಿನಲ್ಲೇ ನಾಶವಾಗುತ್ತದೆ. ಡೋಸ್ ಸಾಲುತ್ತಿಲ್ಲ ಎಂದು ಬರುವವರನ್ನು ವಿಚಾರಿಸಿದರೆ, ಎರಡು ನಿಮಿಷಕ್ಕೇ ನುಂಗಿಬಿಡುತ್ತಿರುವುದು ಎಷ್ಟೋ ಸಲ ಗೊತ್ತಾಗುತ್ತದೆ. ಕರಗಿದ ಮೇಲೆ ನೀರು ಬಾಯಲ್ಲಿ ಮುಕ್ಕಳಿಸಿ ನುಂಗಿ. ಹಲ್ಲುಜ್ಜಲು ಒಂದು ಗಂಟೆ ಕಾಯಿರಿ, ಈ ಔಷಧದಿಂದ ಹಲ್ಲು ಹುಳುಕಾಗುವುದು ವರದಿಯಾಗಿದೆ.

ಹೆಚ್ಚಿನ ಕಡೆ ಈ ಮಾತ್ರೆಯಲ್ಲಿ ನಾಲ್ಕು ಪಾಲು ಬ್ಯೂಪ್ರೆನಾರ್ಫಿನ್‌ಗೆ ಒಂದು ಪಾಲು ನಲಾಕ್ಸೋನ್ ಸೇರಿರುತ್ತದೆ. ನಾಲಿಗೆಯಡಿ ಇಟ್ಟಾಗ ನಲಾಕ್ಸೋನ್ ಹೆಚ್ಚುಕಡಿಮೆ ಏನೂ ಮಾಡುವುದಿಲ್ಲ, ಯಾರಾದರೂ ಅರೆದು ಚುಚ್ಚಿಕೊಂಡರೆ ಮಾತ್ರ ಎಚ್ಚೆತ್ತು ವಿತ್‌ಡ್ರಾವಲ್ ತರುತ್ತದೆ. ದಿನವೂ ಮಾತ್ರೆ ನೆನಪಿಡುವುದು ಕಷ್ಟವಾದರೆ ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಚುಚ್ಚುಮದ್ದೂ ಇದೆ. ನೀವಿರುವ ಕಡೆ ಸಿಗುತ್ತದೆಯೇ ಕೇಳಿ.

ಮೊದಲ ವಾರದ ನರಳಾಟ

ಔಷಧವಿಲ್ಲದೆ ಬಿಟ್ಟರೆ ಕೊನೆಯ ಹೆರಾಯಿನ್‌ನಿಂದ 8–12 ಗಂಟೆಗೆ ಲಕ್ಷಣಗಳು ಶುರುವಾಗುತ್ತವೆ, ಎರಡು ಮೂರನೇ ದಿನ ತುತ್ತತುದಿ ಮುಟ್ಟುತ್ತವೆ, ವಾರ ಹತ್ತು ದಿನದಲ್ಲಿ ಇಳಿಯುತ್ತವೆ. ನಿದ್ದೆಗೇಡು, ಮಂಕು, ಹಂಬಲ ತಿಂಗಳುಗಟ್ಟಲೆ ಉಳಿಯಬಹುದು. ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ಸರಿಯಾಗಿ ಕೊಟ್ಟರೆ ಇದರಲ್ಲಿ ಬಹುಪಾಲು ಅನುಭವಿಸಬೇಕಾಗಿಲ್ಲ. ಉಳಿದದ್ದಕ್ಕೆ ಪೂರಕ ಔಷಧಗಳಿವೆ. ಬೆವರು, ಚಡಪಡಿಕೆಗೆ ಕ್ಲೋನಿಡಿನ್ ಕೊಡುತ್ತಾರೆ, ಅದು ರಕ್ತದೊತ್ತಡ ಇಳಿಸುವುದರಿಂದ ಹಾಸಿಗೆಯಿಂದ ದಿಢೀರ್ ಎದ್ದರೆ ತಲೆಸುತ್ತಿ ಬೀಳಬಹುದು. ಭೇದಿಗೆ ಲೋಪೆರಮೈಡ್, ವಾಂತಿಗೆ ಒಂಡಾನ್‌ಸೆಟ್ರಾನ್, ಮೈಕೈ ನೋವಿಗೆ ಐಬುಪ್ರೊಫೆನ್. ನೀರು ಮತ್ತು ಓಆರ್‌ಎಸ್ ಅನ್ನು ಹತ್ತಿರವೇ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯಿರಿ. ಗುಟುಕು ನೀರೂ ನಿಲ್ಲದಷ್ಟು ವಾಂತಿ, ದಿನಪೂರ್ತಿ ಮೂತ್ರ ಬಾರದಿರುವುದು, ಮಂಪರು, ಇವು ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು. ಮೈಯ ನೀರು ಬತ್ತಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ಡೋಸ್ ಹೊಂದುವವರೆಗೆ, ಹೊಂದಿದ ಮೇಲೆ

ಸರಿಯಾದ ಡೋಸ್ ಎಂದರೆ 24 ಗಂಟೆ ನರಳಾಟವಿಲ್ಲ, ಹಂಬಲ ತೀರ ಕಡಿಮೆ, ತೂಕಡಿಕೆಯಿಲ್ಲ. ನಸುಕಿನಲ್ಲಿ ಮೂಗು ಸೋರುತ್ತಾ, ಕಾಲು ಒದ್ದಾಡುತ್ತಾ ಎಚ್ಚರವಾಗುತ್ತಿದ್ದರೆ ಡೋಸ್ ಸಾಲದು. ಔಷಧ ತೆಗೆದುಕೊಂಡ ಮೂರು ನಾಲ್ಕು ಗಂಟೆಗೆ ಕುರ್ಚಿಯಲ್ಲೇ ತಲೆ ವಾಲುತ್ತಿದ್ದರೆ ಹೆಚ್ಚಾಗಿದೆ. ಇವನ್ನು ಗಂಟೆ ಸಮೇತ ಬರೆದು ತೋರಿಸಿ. ಡೋಸ್ ಕಡಿಮೆಯಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ರೋಗಿಗಳಿಗೂ ಇದೆ, ಕೆಲವು ವೈದ್ಯರಿಗೂ ಇದೆ. ಸಾಲದ ಡೋಸ್ ಜನರನ್ನು ಮರಳಿ ಹೆರಾಯಿನ್‌ಗೇ ಕಳಿಸುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫಿನಿಟಾಯಿನ್, ಕಾರ್ಬಮಜೆಪಿನ್ ಮೆಥಡೋನ್‌ನ ಬಲ ತಗ್ಗಿಸುತ್ತವೆ. ಹೊಸ ಔಷಧ ಶುರುವಾದ ವಾರದಲ್ಲಿ ನರಳಾಟ ಮರಳಿದರೆ ಕಾರಣ ಅಲ್ಲಿರಬಹುದು. ಮೂರು ದಿನ ಸತತ ಮೆಥಡೋನ್ ತಪ್ಪಿದ್ದರೆ ನಾಲ್ಕನೇ ದಿನ ಹಳೆಯ ಡೋಸ್ ಕುಡಿಯಬಾರದು. ತಪ್ಪಿದ್ದನ್ನು ನರ್ಸ್‌ಗೆ ಹೇಳಿ, ಅವರು ಕಡಿಮೆಯಿಂದ ಮತ್ತೆ ಏರಿಸುತ್ತಾರೆ. ಮಲಬದ್ಧತೆ ಬಹುತೇಕ ಎಲ್ಲರಿಗೂ ಬರುತ್ತದೆ, ಮೊದಲೇ ಔಷಧ ಕೇಳಿ. ಹೆರಾಯಿನ್‌ನಿಂದ ಮುಟ್ಟು ನಿಂತಿದ್ದ ಹೆಂಗಸರಲ್ಲಿ ಚಿಕಿತ್ಸೆಯ ನಂತರ ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದು, ಬೇಡವೆಂದಿದ್ದರೆ ಗರ್ಭನಿರೋಧಕದ ಬಗ್ಗೆ ಮೊದಲ ತಿಂಗಳಲ್ಲೇ ಮಾತಾಡಿ. ಶಸ್ತ್ರಚಿಕಿತ್ಸೆಗೆ ಹೋಗುವಾಗ, ಹಲ್ಲು ಕೀಳಿಸುವಾಗಲೂ, ಯಾವ ಔಷಧದ ಮೇಲಿದ್ದೀರಿ ಎಂದು ಹೇಳಿ. ನಲ್ಟ್ರೆಕ್ಸೋನ್ ಮೇಲಿದ್ದರೆ ಮಾಮೂಲಿ ನೋವುನಿವಾರಕಗಳಲ್ಲಿ ಓಪಿಯಾಯ್ಡ್ ಜಾತಿಯವು ಕೆಲಸ ಮಾಡುವುದಿಲ್ಲ.

ಮನೆಗೆ ತಂದ ಔಷಧ ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇರಬೇಕು. ದೊಡ್ಡವರ ಒಂದು ದಿನದ ಮೆಥಡೋನ್ ಮಗುವೊಂದರ ಪ್ರಾಣ ತೆಗೆಯಲು ಸಾಕು.

ಮಾತಿನ ಚಿಕಿತ್ಸೆ

ಔಷಧ ಮೈಯನ್ನು ನೆಲೆಗೆ ತರುತ್ತದೆ. ಸಂಬಳದ ದಿನ, ಜಗಳದ ರಾತ್ರಿ, ಹಳೆಯ ಗೆಳೆಯನ ಫೋನು, ಇವನ್ನು ಎದುರಿಸುವುದನ್ನು ಆಪ್ತಸಮಾಲೋಚಕರ ಜೊತೆ ಕೂತು ಕಲಿಯಬೇಕು. ಒಳ್ಳೆಯ ಸಮಾಲೋಚಕರು ಉಪದೇಶ ಮಾಡುವುದಿಲ್ಲ. ಕಳೆದ ಸಲ ಹಂಬಲ ಎದ್ದಾಗ ಎಷ್ಟು ಗಂಟೆ, ಎಲ್ಲಿದ್ದಿರಿ, ಅದಕ್ಕೆ ಮೊದಲು ಏನಾಯಿತು ಎಂದು ಬಿಡಿಸಿ ಕೇಳಿ, ಮುಂದಿನ ಸಲಕ್ಕೆ ಬೇರೆ ದಾರಿ ಯೋಚಿಸುತ್ತಾರೆ. ಖಿನ್ನತೆ, ಹಳೆಯ ಆಘಾತಗಳಿದ್ದರೆ ಅವಕ್ಕೂ ಜೊತೆಜೊತೆಗೇ ಚಿಕಿತ್ಸೆ ಬೇಕು. ಚಟ ಬಿಡುತ್ತಿರುವವರೇ ಸೇರಿ ನಡೆಸುವ ನಾರ್ಕೋಟಿಕ್ಸ್ ಅನಾನಿಮಸ್‌ನಂಥ ಗುಂಪುಗಳು ಎಷ್ಟೋ ಜನರ ಒಂಟಿತನ ನೀಗಿವೆ. ಆದರೆ ಕೆಲವು ಗುಂಪುಗಳಲ್ಲಿ ಮೆಥಡೋನ್ ಮೇಲಿರುವವರನ್ನು ಪೂರ್ತಿ ಬಿಟ್ಟವರೆಂದು ಒಪ್ಪುವುದಿಲ್ಲ. ಅಂಥ ಮಾತು ಕೇಳಿ ಔಷಧ ನಿಲ್ಲಿಸಬೇಡಿ, ಬೇರೆ ಗುಂಪು ಹುಡುಕಿ. ಸಮಾಲೋಚಕರು ಸಿಗುತ್ತಿಲ್ಲವೆಂದು ಔಷಧ ಮುಂದೂಡುವುದೂ ತಪ್ಪು, ಔಷಧವೊಂದೇ ಇದ್ದರೂ ಜೀವ ಉಳಿಯುತ್ತದೆ.

ಮತ್ತೆ ತೆಗೆದುಕೊಂಡರೆ, ಓವರ್‌ಡೋಸ್ ಆದರೆ

ಒಮ್ಮೆ ಜಾರಿದ ಮಾತ್ರಕ್ಕೆ ಚಿಕಿತ್ಸೆ ಸೋತಂತಲ್ಲ. ಮರುದಿನವೇ ಕ್ಲಿನಿಕ್ಕಿಗೆ ಹೋಗಿ ನಡೆದದ್ದು ಹೇಳಿ. ಡೋಸ್ ಏರಿಸಬೇಕಾಗಬಹುದು, ಭೇಟಿಗಳು ಹೆಚ್ಚಾಗಬೇಕಾಗಬಹುದು. ನಾಚಿಕೆಯಿಂದ ಎರಡು ವಾರ ತಲೆಮರೆಸಿಕೊಳ್ಳುವುದೇ ಜಾರಿದ್ದಕ್ಕಿಂತ ಕೆಟ್ಟದ್ದು.

ಮನೆಯಲ್ಲಿ ನಲಾಕ್ಸೋನ್ ಇರಲೇಬೇಕು, ಎಲ್ಲಿದೆ ಎಂದು ಎಲ್ಲರಿಗೂ ತಿಳಿದಿರಬೇಕು. ಓವರ್‌ಡೋಸ್‌ನಲ್ಲಿ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ತುಟಿ ಮತ್ತು ಉಗುರು ನೀಲಿಯಾಗುತ್ತವೆ, ಉಸಿರು ನಿಮಿಷಕ್ಕೆ ಕೆಲವೇ ಸಲ. ಗೊರಗೊರ ಸದ್ದು ಬಂದರೆ ಗೊರಕೆ ಎಂದುಕೊಂಡು ಮಲಗಲು ಬಿಡುತ್ತಾರೆ, ಎಷ್ಟೋ ಪ್ರಾಣ ಹೋಗುವುದು ಈ ತಪ್ಪಿನಿಂದ. ಆಗ ಮಾಡಬೇಕಾದದ್ದು:

1. ಹೆಸರು ಹಿಡಿದು ಕೂಗಿ, ಎದೆಮೂಳೆಯನ್ನು ಬೆರಳ ಗೆಣ್ಣಿನಿಂದ ಬಲವಾಗಿ ಉಜ್ಜಿ. ಏಳದಿದ್ದರೆ ತುರ್ತು ಸಂಖ್ಯೆಗೆ ಕರೆ ಮಾಡಿ.
2. ನಲಾಕ್ಸೋನ್ ಕೊಡಿ: ಒಂದು ಮೂಗಿನ ಹೊಳ್ಳೆಗೆ ಸ್ಪ್ರೇ, ಅಥವಾ ತೊಡೆಯ ಸ್ನಾಯುವಿಗೆ 0.4 ಮಿಲಿಗ್ರಾಂ ಚುಚ್ಚುಮದ್ದು.
3. ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಐದು ಸೆಕೆಂಡಿಗೆ ಒಂದರಂತೆ ಬಾಯಿಂದ ಉಸಿರು ಕೊಡಿ. ನಾಡಿಯೇ ಇಲ್ಲವೆಂದರೆ ಎದೆ ಒತ್ತಲು ಶುರುಮಾಡಿ.
4. ಎರಡು ಮೂರು ನಿಮಿಷದಲ್ಲಿ ಉಸಿರು ಬಾರದಿದ್ದರೆ ಇನ್ನೊಂದು ಡೋಸ್ ಕೊಡಿ.
5. ಉಸಿರಾಡತೊಡಗಿದರೆ ಒಂದು ಮಗ್ಗುಲಿಗೆ ಮಲಗಿಸಿ, ಆಂಬುಲೆನ್ಸ್ ಬರುವವರೆಗೆ ಜೊತೆಯಲ್ಲೇ ಇರಿ.

ನಲಾಕ್ಸೋನ್ 30ರಿಂದ 90 ನಿಮಿಷದಲ್ಲಿ ಇಳಿದುಹೋಗುತ್ತದೆ. ಎದ್ದು ಕೂತವರು ಮತ್ತೆ ಮಂಪರಿಗೆ ಜಾರಬಹುದು, ಆದ್ದರಿಂದ ಎಚ್ಚರವಾದರೂ ಆಸ್ಪತ್ರೆ ತಪ್ಪದು. ತಣ್ಣೀರು ಸುರಿಯುವುದು, ಉಪ್ಪುನೀರು ಕುಡಿಸುವುದು, ನಡೆಸಾಡಿಸುವುದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ಸಮಯ ಮಾತ್ರ ಹೋಗುತ್ತದೆ.

ಮನೆಯವರಿಗೆ

ಪೊಟ್ಟಣ ಹುಡುಕುವುದು, ಜೇಬು ತಡಕುವುದು, ಆಣೆ ಹಾಕಿಸುವುದು ಬಿಡಿ. ಅಣ್ಣನೋ ಮಗಳೋ ಮೊದಲ ವಾರಗಳಲ್ಲಿ ಕ್ಲಿನಿಕ್ಕಿಗೆ ಹೋಗುವಾಗ ಜೊತೆಗೆ ಹೋಗಿ. ಹೊರಗಿನ ಬೆಂಚಿನಲ್ಲಿ ಕೂತಿದ್ದರೂ ಸಾಕು. ಇನ್ನೂ ಎಷ್ಟು ದಿನ ಈ ಮಾತ್ರೆ ಎಂದು ಕೇಳಬೇಡಿ. ಆ ಪ್ರಶ್ನೆ ಪ್ರೀತಿಯಿಂದಲೇ ಬಂದರೂ, ಕೇಳಿದವರ ಕಿವಿಗೆ ನಿಲ್ಲಿಸು ಎಂದೇ ಕೇಳುತ್ತದೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಗ್ಗೆ ನಾವು ಹಾಗೆ ಕೇಳುವುದಿಲ್ಲ.

ನಿಲ್ಲಿಸುವ ಮಾತು ಬಂದಾಗ

ಇಷ್ಟು ತಿಂಗಳಿಗೆ ನಿಲ್ಲಿಸಬೇಕೆಂಬ ನಿಯಮವಿಲ್ಲ. ಒಂದು ವರ್ಷಕ್ಕಿಂತ ಮೊದಲು ಆ ಯೋಚನೆ ಬೇಡ, ಹಲವರಿಗೆ ಹಲವು ವರ್ಷ ಬೇಕು, ಕೆಲವರಿಗೆ ಜೀವನಪೂರ್ತಿ. ನಿಲ್ಲಿಸಬೇಕೆಂದು ನಿಮಗೇ ಅನಿಸಿದ್ದರೆ, ಕೆಲಸ, ಮನೆ, ನಿದ್ದೆ ಎಲ್ಲ ನೆಟ್ಟಗಿರುವ ಕಾಲ ಆರಿಸಿ. ಮದುವೆ, ಸಾವು, ಕೆಲಸ ಬದಲಾವಣೆಯ ಆಸುಪಾಸಿನಲ್ಲಿ ಬೇಡ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸುಮಾರು ಹತ್ತನೇ ಒಂದು ಭಾಗದಷ್ಟು ಇಳಿಸುತ್ತಾ ಹೋದರೆ ಮೈ ತಡೆದುಕೊಳ್ಳುತ್ತದೆ. ಬ್ಯೂಪ್ರೆನಾರ್ಫಿನ್‌ನಲ್ಲಿ 16ರಿಂದ 8ಕ್ಕೆ ಇಳಿಯುವುದು ಸುಲಭ, ಕೊನೆಯ 2 ಮಿಲಿಗ್ರಾಂ ಬಿಡುವುದೇ ಕಷ್ಟ, ಅಲ್ಲಿ ಇನ್ನೂ ನಿಧಾನವಾಗಿ. ಯಾವ ಹಂತದಲ್ಲಾದರೂ ಹಂಬಲ ಎದ್ದರೆ ನಿಂತುಬಿಡಿ, ಬೇಕಿದ್ದರೆ ಒಂದು ಮೆಟ್ಟಿಲು ಮೇಲೆ ಹತ್ತಿ. ಇದನ್ನು ಮೊದಲೇ ವೈದ್ಯರ ಜೊತೆ ಮಾತಾಡಿ ಒಪ್ಪಿಕೊಂಡಿರಿ.

ಕೊನೆಯ ಡೋಸ್ ನಂತರದ ನಾಲ್ಕು ವಾರ ಮತ್ತೆ ಮೊದಲ ವಾರಗಳಷ್ಟೇ ಅಪಾಯದವು, ತಾಳಿಕೆ ಈಗ ಏನೂ ಉಳಿದಿರುವುದಿಲ್ಲ. ಆ ತಿಂಗಳು ವಾರಕ್ಕೊಂದರಂತೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಂದರಂತೆ ಭೇಟಿಯ ದಿನಾಂಕಗಳನ್ನು ಕೊನೆಯ ಮಾತ್ರೆಗೆ ಮೊದಲೇ ಬರೆಸಿಕೊಳ್ಳಿ. ಮತ್ತೆ ಶುರುಮಾಡಬೇಕಾಗಿ ಬಂದರೆ ಸರದಿಯಲ್ಲಿ ಕಾಯಿಸದೆ ಅದೇ ದಿನ ಕೊಡುತ್ತೀರಾ ಎಂದು ಕ್ಲಿನಿಕ್ಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಮನೆಯಲ್ಲಿರುವ ನಲಾಕ್ಸೋನ್‌ನ ಅವಧಿ ಮುಗಿಯುವ ದಿನ ನೋಡಿ, ಹಳೆಯದಾಗಿದ್ದರೆ ಅವತ್ತೇ ಹೊಸದು ತನ್ನಿ.